ಐವತ್ತೇಳನೇ ಪುಟ

ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಯಾವ ಪುಸ್ತಕ ಬಂದರೂ ಮೊದಲು ಸೀಲಕ್ಕನ ಮೇಜಿಗೆ ಬರಬೇಕು. ಅವಳ ಕೈ ದಾಟದೆ ಅದಕ್ಕೆ ನಂಬರಿಲ್ಲ, ನಂಬರಿಲ್ಲದೆ ಕಪಾಟಿನಲ್ಲಿ ಜಾಗವಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕೋಣೆ, ಅದೇ ಮೇಜು. ಕುರ್ಚಿ ಮಾತ್ರ ಎರಡು ಸಲ ಬದಲಾಗಿದೆ. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಭದ್ರವಾಗಿತ್ತು. ಉಳಿದವರಿಗೆಲ್ಲ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಿಗೂ, ಅವಳು ಸೀಲಕ್ಕ.

ಸೀಲು ಹಾಕುವುದು ಮೂರು ಸುತ್ತಿನ ಕೆಲಸ. ಹೆಸರಿನ ಪುಟಕ್ಕೊಂದು, ಕೊನೆಯ ಪುಟಕ್ಕೊಂದು, ನಡುವೆ ಎಲ್ಲೋ ಗುಟ್ಟಿನ ಪುಟಕ್ಕೊಂದು. ಪುಸ್ತಕ ಕದ್ದವನು ಮೊದಲ ಪುಟ ಹರಿಯುತ್ತಾನೆ, ಕೊನೆಯ ಪುಟ ಹರಿಯುತ್ತಾನೆ, ಗುಟ್ಟಿನ ಪುಟ ಅವನಿಗೆ ಗೊತ್ತಿರುವುದಿಲ್ಲ. ಈ ಗ್ರಂಥಾಲಯದಲ್ಲಿ ಅದು ಐವತ್ತೇಳನೇ ಪುಟ. ಅಲ್ಲಿ ಮೊಟ್ಟೆಯಾಕಾರದ ನೀಲಿ ಸೀಲು ಒತ್ತಿ ಅದರ ಕೆಳಗೆ ಪುಸ್ತಕದ ನಂಬರನ್ನು ಪೆನ್ನಿನಲ್ಲಿ ಬರೆಯಬೇಕು. ಇದು ಗೊತ್ತಿದ್ದದ್ದು ಇಬ್ಬರಿಗೆ, ಲೈಬ್ರೇರಿಯನ್ನರಿಗೆ ಮತ್ತು ಸೀಲಕ್ಕನಿಗೆ. ಮೂರನೆಯವರಿಗೆ ಗೊತ್ತಾದರೆ ಅದು ಗುಟ್ಟಲ್ಲ, ಸುದ್ದಿ. ಗಂಡನಿಗೂ ಅವಳು ಹೇಳಿರಲಿಲ್ಲ. ಅವನು ಕೇಳಿಯೂ ಇರಲಿಲ್ಲ. ಅವಳು ಮಾತ್ರ ಮೊದಲಿನಿಂದಲೂ ಗುಟ್ಟಿನ ಪುಟದಿಂದಲೇ ಶುರು ಮಾಡುತ್ತಿದ್ದಳು. ಕಷ್ಟದ್ದನ್ನು ಮೊದಲು ಮುಗಿಸಿದರೆ ಉಳಿದದ್ದು ತಾನಾಗಿ ಉರುಳಿಕೊಂಡು ಹೋಗುತ್ತದೆ ಎಂಬುದು ಅವಳ ಲೆಕ್ಕ. ಮನೆಯಲ್ಲೂ ಪಾತ್ರೆ ತೊಳೆಯುವಾಗ ಬಾಣಲೆಯೇ ಮೊದಲು.

ಆ ಸೋಮವಾರ ಅವಳ ಕೋಣೆಗೆ ಹದಿನಾಲ್ಕು ರಟ್ಟಿನ ಪೆಟ್ಟಿಗೆ ಬಂದಿದ್ದವು. ಇತಿಹಾಸ ವಿಭಾಗದ ಹಳೆಯ ಮೇಷ್ಟ್ರೊಬ್ಬರು ಬೇಸಿಗೆಯಲ್ಲಿ ತೀರಿಕೊಂಡಿದ್ದರು; ಅವರ ಹೆಂಡತಿ ಪುಸ್ತಕವನ್ನೆಲ್ಲ ಗ್ರಂಥಾಲಯಕ್ಕೆ ಕೊಟ್ಟಿದ್ದರು. ಶುಕ್ರವಾರ ಅದಕ್ಕೊಂದು ಸಭೆ, ಕುಲಪತಿಗಳು ಬರುವವರಿದ್ದರು. ಶನಿವಾರ ತಿಂಗಳ ಕೊನೆ; ಅವತ್ತು ನೆಲಮಾಳಿಗೆಯಲ್ಲಿ ಹಳೇ ಪತ್ರಿಕೆ ನೋಡಿಕೊಳ್ಳುವ ಹನ್ನೊಂದಣ್ಣನ ನಿವೃತ್ತಿ. ಎರಡನ್ನೂ 'ಈ ತಿಂಗಳ ಗ್ರಂಥಾಲಯ' ಎಂಬ ಹಾಳೆಯಲ್ಲಿ ಹಾಕಬೇಕಿತ್ತು. ಒಂದು ಹಾಳೆ, ಎರಡು ಬದಿ. ಮುಂದೆ ಹೊಸದಾಗಿ ಬಂದ ಪುಸ್ತಕಗಳ ಪಟ್ಟಿ, ಹಿಂದೆ ಸಮಾಚಾರ. ಅದನ್ನು ಟೈಪು ಮಾಡುವವಳೂ ಸೀಲಕ್ಕನೇ. ಕೆಲಸ ಮಾಡುವ ಎತ್ತಿಗೇ ಎರಡು ನೊಗ.

ಮೂರನೇ ಪೆಟ್ಟಿಗೆಯ ಆರನೇ ಪುಸ್ತಕ ಹಳೆಯ ಸೇತುವೆಗಳ ಬಗ್ಗೆ. ದಪ್ಪ ರಟ್ಟು, ಚಿತ್ರಗಳು. ಬೆರಳಿಗೆ ಅಭ್ಯಾಸ, ಕಣ್ಣಿನ ಸಹಾಯವಿಲ್ಲದೆ ಐವತ್ತೇಳಕ್ಕೆ ತೆರೆಯಿತು. ಸೀಲು ಎತ್ತಿದ ಕೈ ಅಲ್ಲೇ ನಿಂತಿತು.

ಅಲ್ಲಿ ಆಗಲೇ ಸೀಲಿತ್ತು. ಮೊಟ್ಟೆಯಾಕಾರದ್ದು, ನೀಲಿ. ಕೆಳಗೆ ನಂಬರು. ಏಳರ ನಡುವೆ ಅಡ್ಡಗೆರೆ ಎಳೆಯುವವರು ಆ ಕಟ್ಟಡದಲ್ಲಿ ಅವಳೊಬ್ಬಳೇ. ಈ ನಂಬರಿನಲ್ಲಿ ಎರಡು ಏಳು, ಎರಡಕ್ಕೂ ಅಡ್ಡಗೆರೆ.

ಮೊದಲು ಬಂದ ಯೋಚನೆ ಯಾರಿಗಾದರೂ ಬರುವಂಥದ್ದೇ. ಮೇಷ್ಟ್ರು ಕದ್ದಿದ್ದಾರೆ. ಆದರೆ ಹೆಸರಿನ ಪುಟ ಇದ್ದಲ್ಲೇ ಇತ್ತು, ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ. ಕೊನೆಯ ಪುಟವೂ ಹಾಗೆಯೇ. ಹರಿದಿಲ್ಲ, ಒರೆಸಿಲ್ಲ. ಅಲ್ಲಿ ಸೀಲು ಬಿದ್ದೇ ಇರಲಿಲ್ಲ. ಹಿಂದಿನ ರಟ್ಟಿನ ಒಳಬದಿಗೆ ಪುಸ್ತಕದಂಗಡಿಯ ರಸೀತಿ ಅಂಟಿಸಿತ್ತು, ತಾರೀಕಿನ ಸಮೇತ. ಐವತ್ತೇಳನೇ ಪುಟದಲ್ಲಿ ಸೀಲಿನ ಪಕ್ಕ ಮೇಷ್ಟ್ರು ಪೆನ್ಸಿಲ್‌ನಲ್ಲಿ ಸಣ್ಣಗೆ ಬರೆದಿದ್ದರು: 'ಅಂಗಡಿಯವನನ್ನು ಕೇಳಿದೆ. ಲೈಬ್ರರಿಯವರು ನೋಡಿ ಬೇಡವೆಂದು ವಾಪಸು ಕಳಿಸಿದ್ದಂತೆ.'

ಸೀಲಕ್ಕ ಮತ್ತೆ ತಾರೀಕು ನೋಡಿದಳು. ಹದಿನಾರು ವರ್ಷದ ಹಿಂದಿನದು. ಆ ವಾರ ಅವಳಿಗೆ ಮರೆಯುವಂಥದ್ದಾಗಿರಲಿಲ್ಲ.

ಎದ್ದು ಬಾಗಿಲು ಹಾಕಿಬಂದಳು. ಉಳಿದ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ, ನೆಲದ ಮೇಲೆ ಕೂತು, ಒಂದೊಂದನ್ನೇ ಐವತ್ತೇಳಕ್ಕೆ ತೆರೆದಳು. ಸಂಜೆಯ ಹೊತ್ತಿಗೆ ಅಂಥವೇ ಇನ್ನೂ ಹತ್ತು ಸಿಕ್ಕವು. ಕೊನೆಯದು ಹದಿನಾಲ್ಕನೇ ಪೆಟ್ಟಿಗೆಯ ತಳದಲ್ಲಿತ್ತು.

ಹನ್ನೊಂದು.

ಆಗೆಲ್ಲ ಅಂಗಡಿಯವರು ಪುಸ್ತಕಗಳನ್ನು ನೋಡಲಿಕ್ಕೆಂದು ಕಟ್ಟು ಕಟ್ಟಾಗಿ ಕಳಿಸುತ್ತಿದ್ದರು. ಬೇಕಾದ್ದು ಉಳಿಯುತ್ತಿತ್ತು. ಬೇಡದ್ದನ್ನು ಬಾಗಿಲ ಪಕ್ಕದ ಬೆಂಚಿನ ಮೇಲಿಟ್ಟರೆ ಅಂಗಡಿಯ ಆಳು ಬಂದು ಹೊತ್ತುಕೊಂಡು ಹೋಗುತ್ತಿದ್ದ. ಅವತ್ತು ಅವಳು ಬೇಕಾದ ಹನ್ನೊಂದನ್ನು ರಿಜಿಸ್ಟರಿಗೆ ಹತ್ತಿಸಿ, ಮೊದಲ ಸುತ್ತಿನ ಸೀಲು ಮುಗಿಸಿದ್ದಳು. ಅಷ್ಟರಲ್ಲಿ ಶಿಶುವಿಹಾರದಿಂದ ಫೋನು. ನಾಲ್ಕು ವರ್ಷದ ಮಗಳಿಗೆ ಜ್ವರ ನೆತ್ತಿಗೇರಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿದೆ, ಬೇಗ ಬನ್ನಿ. ಕಟ್ಟನ್ನು ಎತ್ತಿ ಎಲ್ಲೋ ಇಟ್ಟು ಓಡಿದ್ದಳು. ಎಲ್ಲಿ ಇಟ್ಟೆ ಎಂದು ಇವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಈಗ ಉತ್ತರ ಮೊದಲು ಬಂದು ಪ್ರಶ್ನೆ ಆಮೇಲೆ ಬಂದಿತ್ತು. ಬೆಂಚಿನ ಮೇಲೆ ಇಟ್ಟಿದ್ದಳು.

ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಬಂದಾಗ ಮೇಜು ಖಾಲಿಯಿತ್ತು. ಪಕ್ಕದ ಕೋಣೆಯವರು ಒಯ್ದು ಕಾರ್ಡು ಬರೆದು ಒಳಗಿಟ್ಟಿರುತ್ತಾರೆ ಅಂದುಕೊಂಡಳು. ಪಕ್ಕದ ಕೋಣೆಯವರಿಗೆ ಅಂಥ ಕಟ್ಟೊಂದು ಇತ್ತೆಂಬುದೇ ಗೊತ್ತಿರಲಿಲ್ಲ.

ಮರುವರ್ಷದ ತಪಾಸಣೆಯಲ್ಲಿ ರಿಜಿಸ್ಟರಿನಲ್ಲಿದ್ದ ಹನ್ನೊಂದು ಪುಸ್ತಕ ಕಪಾಟಿನಲ್ಲಿ ಇರಲಿಲ್ಲ. ಯಾರೂ ಎರವಲು ಪಡೆದ ಗುರುತಿಲ್ಲ. ಅಂದಮೇಲೆ ಬಾಗಿಲಿನಿಂದಲೇ ಹೋಗಿರಬೇಕು. ಬಾಗಿಲಲ್ಲಿ ಕೂತು ಚೀಲ ನೋಡುತ್ತಿದ್ದವನು ಒಬ್ಬನೇ. "ಈ ಪುಸ್ತಕಗಳಿಗೆ ಕಾರ್ಡೂ ಇಲ್ವಲ್ಲ" ಎಂದು ಯಾರೋ ಅಂದಾಗ ವಿಚಾರಣೆಗೆ ಬಂದಿದ್ದ ಅಧಿಕಾರಿ, "ಕಾರ್ಡನ್ನೂ ಬಿಟ್ಟಿಲ್ಲ. ಜಾಣ ಕಳ್ಳ" ಎಂದು ತಲೆದೂಗಿದ್ದರು. ಕಳೆದ ಪುಸ್ತಕಗಳ ಪಟ್ಟಿ ಟೈಪು ಮಾಡಿ ಕೆಳಗೆ ಸಹಿ ಹಾಕಿದವಳು ಸೀಲಕ್ಕ. ಕದ್ದದ್ದಕ್ಕೆ ಸಾಕ್ಷಿ ಇಲ್ಲದ್ದರಿಂದ ಕೆಲಸ ಹೋಗಲಿಲ್ಲ. ಬಾಗಿಲಿನಿಂದ ಎತ್ತಿ ನೆಲಮಾಳಿಗೆಯ ಹಳೇ ಪತ್ರಿಕೆಗಳ ಕೋಣೆಗೆ ಹಾಕಿದರು. ಅಂದಿನಿಂದ ಅವನು 'ಹನ್ನೊಂದು'. ಆಮೇಲೆ ಬಂದ ಕಿರಿಯರು ಏನು ಎತ್ತ ತಿಳಿಯದೆ ಮರ್ಯಾದೆಗೆ ಒಂದು ಅಣ್ಣ ಸೇರಿಸಿದರು. ಹನ್ನೊಂದಣ್ಣ.

ಸೀಲಕ್ಕ ಹನ್ನೊಂದನ್ನೂ ಒಂದರ ಮೇಲೊಂದು ಜೋಡಿಸಿ ಹಗ್ಗ ಕಟ್ಟಿ ಮೇಜಿನ ಕೆಳಗೆ ಕಾಲು ತಾಗುವಷ್ಟು ಹತ್ತಿರ ಇಟ್ಟುಕೊಂಡಳು. ಹಳೇ ನಂಬರಿನ ಮೇಲೆ ಹೊಸ ಚೀಟಿ ಅಂಟಿಸಿದರೆ ಕಥೆ ಮುಗಿಯಿತು. ಆ ಪುಟ ತೆರೆದು ನೋಡುವವರು ಯಾರು?

ಮಂಗಳವಾರ ಬೆಳಿಗ್ಗೆ ಹೇಳಿಯೇಬಿಡುತ್ತೇನೆ ಎಂದು ಗಟ್ಟಿಮನಸ್ಸು ಮಾಡಿ ನೆಲಮಾಳಿಗೆಗೆ ಇಳಿದಳು. ಇಪ್ಪತ್ತಾರು ಮೆಟ್ಟಿಲು. ಹನ್ನೊಂದಣ್ಣ ಏಣಿಯ ಮೇಲೆ ನಿಂತು ಪತ್ರಿಕೆಗಳ ಗಂಟಿಗೆ ಹಗ್ಗ ಬಿಗಿಯುತ್ತಿದ್ದ.

"ಏನು ಸೀಲಕ್ಕ, ಪಾತಾಳಕ್ಕೆ ಇಳಿದು ಬಂದೆ? ಮೇಲೆ ಗಾಳಿ ಕಮ್ಮಿ ಆಯ್ತಾ?"

"ನಿನ್ನ ಬಗ್ಗೆ ಬರೀಬೇಕಲ್ಲ ಅಣ್ಣ, ತಿಂಗಳ ಹಾಳೆಗೆ. ಏನ್ ಬರೀಲಿ?"

"ಬಂದ, ಕೂತ, ಇಳಿದ, ಹೊರಟ ಅಂತ ಬರಿ. ಜಾಗಾನೂ ಉಳಿಯುತ್ತೆ."

"ಶನಿವಾರ ಸಂಜೆ ಬೀಳ್ಕೊಡುಗೆ ಇಟ್ಟಿದ್ದಾರೆ."

"ನಾನು ಬರಲ್ಲ." ಹಲ್ಲಿನಲ್ಲಿ ಕಚ್ಚಿದ್ದ ಹಗ್ಗದ ತುದಿ ಬಿಟ್ಟು ಹೇಳಿದ. "ಭಾಷಣ ಮಾಡೋನು ಪ್ರಾಮಾಣಿಕ ಅಂತಾನೆ. ಅನ್ನಲೇಬೇಕು, ಎಲ್ಲರಿಗೂ ಅಂತಾರೆ. ನನಗೆ ಅಂದಾಗ ಹಿಂದಿನ ಸಾಲು ನಗುತ್ತೆ. ಬೇರೆ ದಿನ ಆದ್ರೆ ನಾನೂ ನಕ್ಕು ಸುಮ್ನಾಗ್ತಿದ್ದೆ. ಮೊಮ್ಮಗಳು ಈ ವರ್ಷ ಇಲ್ಲೇ ಕಾಲೇಜು ಸೇರಿದ್ದಾಳೆ. ಅವಳೂ ಬಂದು ಕೂರ್ತಾಳೆ."

"ಅವಳಿಗೆ ಗೊತ್ತಾ?"

"ತಾತ, ನಿನ್ನನ್ನ ಹನ್ನೊಂದು ಅಂತಾರಲ್ಲ, ಯಾಕೆ ಅಂದ್ಲು. ಫುಟ್‌ಬಾಲ್ ಆಡ್ತಿದ್ದೆ, ಅಂಗಿ ಮೇಲೆ ಆ ನಂಬರು ಇತ್ತು ಅಂದೆ." ಏಣಿ ಅಲ್ಲಾಡುವಂತೆ ನಕ್ಕ. "ಈ ಹೊಟ್ಟೆ ನೋಡಿದ್ರೆ ನಂಬ್ತಾಳಾ? ನಂಬಿದ್ಲು, ಪಾಪ. ಶನಿವಾರ ಒಂದು ದಾಟಿದ್ರೆ ಸಾಕು. ನಾಲ್ಕು ಗಂಟೆಗೆ ಹಿಂಬಾಗಿಲಿಂದ ಹೋಗ್ಬಿಡ್ತೀನಿ. ನೀನು ಯಾರಿಗೂ ಹೇಳಬೇಡ."

ಸೀಲಕ್ಕನ ಬಾಯಿಗೆ ಬಂದಿದ್ದ ಮಾತು ಅಲ್ಲಿಂದಲೇ ವಾಪಸು ಹೋಯಿತು. ಬೇಕಿಲ್ಲದ ಒಂದು ಹಳೇ ಪತ್ರಿಕೆ ಕೇಳಿ ಇಸಿದುಕೊಂಡು ಮೇಲೆ ಬಂದಳು. ಇಳಿಯುವಾಗ ಇಪ್ಪತ್ತಾರಿದ್ದ ಮೆಟ್ಟಿಲು ಹತ್ತುವಾಗ ಎಣಿಕೆಗೆ ಸಿಗಲಿಲ್ಲ.

ಮಧ್ಯಾಹ್ನ ಮಗಳು ಬಂದಳು. ಅವಳಿಗೀಗ ಇಪ್ಪತ್ತು, ಇದೇ ವಿಶ್ವವಿದ್ಯಾಲಯದಲ್ಲಿ ಓದು. ಕ್ಯಾಂಟೀನಿನಲ್ಲಿ ಗೆಳತಿಯರ ಜೊತೆ ಕೂರುವ ವಯಸ್ಸು. ಆದರೂ ವಾರಕ್ಕೆರಡು ಸಲ ಅಮ್ಮನ ಡಬ್ಬಿಯಲ್ಲಿ ಪಾಲು ಕೇಳಲು ಬರುತ್ತಿದ್ದಳು. ಊಟಕ್ಕೆ ಕೂತವಳ ಕಾಲು ಕಟ್ಟಿಗೆ ತಾಗಿತು.

"ಏನಮ್ಮ ಇದು, ನಿಧಿ ಥರ ಅಡಗಿಸಿಟ್ಟಿದ್ದೀಯ?"

ಯಾರಿಗೂ ಹೇಳದ್ದನ್ನು ಸೀಲಕ್ಕ ಮಗಳಿಗೆ ಹೇಳಿದಳು, ಗುಟ್ಟಿನ ಪುಟದ ಸಮೇತ. ದನಿ ಏರಲಿಲ್ಲ, ಇಳಿಯಲಿಲ್ಲ. ಪುಸ್ತಕದ ಪಟ್ಟಿ ಓದಿದ ಹಾಗಿತ್ತು. ಮಗಳು ತಿನ್ನುವುದನ್ನು ನಿಲ್ಲಿಸಿದಳು.

"ಅಂದ್ರೆ ನನಗೆ ಜ್ವರ ಬಂತು, ಅವರಿಗೆ ಬರೆ ಬಿತ್ತು."

"ಗಾದೆ ಹೇಳ್ಬೇಡ."

"ಗಾದೆ ಅಲ್ಲಮ್ಮ, ನಡೆದಿದ್ದನ್ನ ಹೇಳಿದೆ. ಎತ್ತು ನಾನು, ಎಮ್ಮೆ ಅವರು." ಡಬ್ಬಿ ಪಕ್ಕಕ್ಕೆ ಸರಿಸಿದಳು. "ಹೇಳಿದ್ರೆ ನಿನ್ನನ್ನ ಏನು ಮಾಡ್ತಾರೆ?"

"ನೋಟೀಸು ಕೊಡ್ತಾರೆ. ಈ ಮೇಜು ಹೋಗಬಹುದು."

"ಹೇಳದಿದ್ರೆ?"

"ಏನೂ ಆಗಲ್ಲ."

"ಅದೇ ಕಷ್ಟ ಅಲ್ವಾ?" ಎಂದು ಮಗಳು ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಇನ್ನೂ ಅರ್ಧ ಊಟವಿತ್ತು. ಅವಳು ಅನ್ನ ಬಿಟ್ಟು ಎದ್ದದ್ದನ್ನು ಸೀಲಕ್ಕ ಹಿಂದೆಂದೂ ನೋಡಿರಲಿಲ್ಲ.

ಬುಧವಾರ ಅವಳು ಲೈಬ್ರೇರಿಯನ್ನರ ಕೋಣೆಗೆ ಹೋದಳು. ಅವರು ಬಂದು ಆರು ವರ್ಷವಾಗಿತ್ತು; ಅವಳಿಗಿಂತ ಕಿರಿಯರು. ಶುಕ್ರವಾರದ ಸಭೆಗೆ ಕುರ್ಚಿ ಸಾಲದೆಂದು ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದರು. ಸೀಲಕ್ಕ ಕಟ್ಟನ್ನು ಮೇಜಿನ ಮೇಲಿಟ್ಟಳು.

"ಕಳೆದು ಹೋಗಿದ್ದ ಹನ್ನೊಂದು ಪುಸ್ತಕ ಸಿಕ್ಕಿವೆ, ಸರ್."

"ಯಾವ ಹನ್ನೊಂದು?"

"ಹನ್ನೊಂದಣ್ಣನ ಹನ್ನೊಂದು."

"ಓ, ಅದಕ್ಕಾ ಆ ಹೆಸರು? ನಾನು ಅದು ಅವರ ಕೋಣೆ ನಂಬರು ಅಂದ್ಕೊಂಡಿದ್ದೆ."

ಅವಳು ಎಲ್ಲ ಹೇಳಿದಳು. ಮೇಷ್ಟ್ರ ರಸೀತಿ, ಪೆನ್ಸಿಲ್ ಬರಹ, ತನ್ನ ರಜೆಯ ತಾರೀಕು, ಒಂದೊಂದೂ ತೋರಿಸಿದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡ್ರಿ ಸೀಲಕ್ಕ. ಹದಿನಾರು ವರ್ಷ ಆಯ್ತು. ಆ ಅಂಗಡಿ ಇಲ್ಲ, ಆಗಿನ ಲೈಬ್ರೇರಿಯನ್ ಇಲ್ಲ, ಮೇಷ್ಟ್ರೇ ಇಲ್ಲ. ಪುಸ್ತಕ ಬಂತಲ್ಲ? ಹೊಸ ನಂಬರು ಹಾಕಿ. ಸತ್ತ ಹಾವು ಹೊಡೆದು ಏನು ಮಾಡ್ತೀರಿ?"

"ಹಾವು ಸತ್ತಿಲ್ಲ ಸರ್. ಕೆಳಗಡೆ ಪತ್ರಿಕೆ ಕಟ್ತಾ ಇದೆ. ಶನಿವಾರದವರೆಗೆ ಇರುತ್ತೆ."

ಅವರು ನಗಲಿಲ್ಲ, ಬೈಯಲೂ ಇಲ್ಲ. "ಸರಿ. ಹನ್ನೊಂದು ಪುಸ್ತಕ ಪತ್ತೆಯಾಗಿವೆ ಅಂತ ಹಾಳೆಯಲ್ಲಿ ಒಂದು ಸಾಲು ಹಾಕಿ. ಸಾಕು."

ಸೀಲಕ್ಕ ಟೈಪು ಮಾಡಿಕೊಂಡೇ ಬಂದಿದ್ದಳು. ಹೊಸ ಪುಸ್ತಕಗಳ ಪಟ್ಟಿಯ ತಲೆಯಲ್ಲಿ ಹನ್ನೊಂದು ಹೆಸರು, ಎದುರಿಗೆ ಹದಿನಾರು ವರ್ಷದ ಹಿಂದಿನ ನಂಬರು. ಕೆಳಗೆ ನಾಲ್ಕು ಸಾಲು: 'ಈ ಪುಸ್ತಕಗಳು ಗ್ರಂಥಾಲಯದ ಒಳಗೆ ಬಂದೇ ಇರಲಿಲ್ಲ. ಸೀಲು ಹಾಕುವ ಗುಮಾಸ್ತೆ ಇವನ್ನು ತಪ್ಪಾಗಿ ವಾಪಸಿನ ಬೆಂಚಿನ ಮೇಲೆ ಇಟ್ಟಿದ್ದರಿಂದ ಅಂಗಡಿಗೆ ಮರಳಿದವು. ದಿವಂಗತ ಮೇಷ್ಟ್ರು ಅಂಗಡಿಯಲ್ಲಿ ಕೊಂಡು ಜೋಪಾನ ಮಾಡಿದ್ದರು. ಬಾಗಿಲಿನಿಂದ ಯಾವ ಪುಸ್ತಕವೂ ಹೋಗಿಲ್ಲ; ಆಗ ಬಾಗಿಲಲ್ಲಿದ್ದವರ ಮೇಲೆ ಹೊರಿಸಿದ್ದು ಸುಳ್ಳು.' 'ಬಾಗಿಲಲ್ಲಿದ್ದವರ' ಎಂಬುದರ ಪಕ್ಕ ಅವನ ನಿಜವಾದ ಹೆಸರನ್ನು ಪೂರ್ತಿಯಾಗಿ ಹಾಕಿದ್ದಳು. ಅದು ನೆನಪಿರಲಿಲ್ಲ, ಸಂಬಳದ ಪಟ್ಟಿ ನೋಡಿ ಬರೆದುಕೊಂಡಿದ್ದಳು.

ಲೈಬ್ರೇರಿಯನ್ನರು ಎರಡು ಸಲ ಓದಿದರು. "ಗುಮಾಸ್ತೆ ಅನ್ನೋ ಸಾಲು ತೆಗೀರಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ."

"ತೆಗೆದ್ರೆ ಓದಿದವರು ಮೇಷ್ಟ್ರನ್ನೇ ಹಿಡೀತಾರೆ ಸರ್. ನನಗೂ ಮೊದಲು ಹಾಗೇ ಅನ್ನಿಸಿತ್ತು. ಶುಕ್ರವಾರ ಅವರ ಹೆಂಡತಿ ಮುಂದಿನ ಸಾಲಲ್ಲಿ ಕೂರ್ತಾರೆ."

ಆ ಮಾತು ಕೆಲಸ ಮಾಡಿತು. ಲೈಬ್ರೇರಿಯನ್ನರು ದೇವರಿಗೆ ಹೆದರುತ್ತಿದ್ದರೋ ಇಲ್ಲವೋ, ಮುಂದಿನ ಸಾಲಿಗೆ ಹೆದರುತ್ತಿದ್ದರು. ಕನ್ನಡಕ ಹಾಕಿಕೊಂಡು ಸಹಿ ಮಾಡಿದರು. "ನಿಮಗೆ ನೋಟೀಸು ಕೊಡಲೇಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

"ಕೊಡಿ ಸರ್."

ಗುರುವಾರ ಬಾಗಿಲು ತೆರೆಯುವ ಮೊದಲೇ ಸೀಲಕ್ಕ ಹಾಳೆ ಹಿಡಿದು ನೆಲಮಾಳಿಗೆಗೆ ಇಳಿದಳು. ಸೇತುವೆಯ ಪುಸ್ತಕವೂ ಕೈಯಲ್ಲಿತ್ತು. ಹನ್ನೊಂದಣ್ಣ ನಿಂತಲ್ಲೇ ಓದಿದ. ಆಮೇಲೆ ಸ್ಟೂಲಿನ ಮೇಲೆ ಕೂತು ಬೆರಳಿಟ್ಟು ಇನ್ನೊಮ್ಮೆ ಓದಿದ. ತನ್ನ ಹೆಸರು ಬಂದಲ್ಲಿ ಬೆರಳು ನಿಂತಿತು. ಐವತ್ತೇಳನೇ ಪುಟ ತೆಗೆದು ಅವಳ ಅಡ್ಡಗೆರೆಯ ಏಳುಗಳನ್ನು ನೋಡಿದ. ಸೀಲಕ್ಕ ಅವತ್ತಿನ ಫೋನು, ಮಗಳ ಜ್ವರ, ಬೆಂಚು ಎಲ್ಲ ಹೇಳಿದಳು.

"ಮಗು ಹುಷಾರಾಯ್ತಾ ಆಗ?"

"ಆಯ್ತು ಅಣ್ಣ."

"ಎಷ್ಟು ದಿನಕ್ಕೆ?"

"ನಾಲ್ಕು ದಿನಕ್ಕೆ."

"ನನಗೆ ಹದಿನೈದು ವರ್ಷ ಬೇಕಾಯ್ತು ನೋಡು." ಪುಸ್ತಕ ಮುಚ್ಚಿದ. "ನನ್ನನ್ನ ಕೆಳಗೆ ಕಳಿಸಿದ ದಿನ ನೀನೇ ಟೀ ತಂದುಕೊಟ್ಟಿದ್ದೆ. ನೆನಪಿದೆಯಾ?"

"ಇದೆ."

"ಪಾಪ ಅನ್ನಿಸಿ ತಂದಿದ್ಯೋ, ಕಳ್ಳ ಅನ್ನಿಸಿಯೂ ತಂದಿದ್ಯೋ?"

ಸೀಲಕ್ಕ ಸುಳ್ಳು ಹೇಳಬಹುದಿತ್ತು. "ಎರಡೂ" ಅಂದಳು.

ಅವನು ತಲೆಯಾಡಿಸಿದ. ಒಪ್ಪಿದ್ದೋ ಬಿಟ್ಟದ್ದೋ ತಿಳಿಯಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. "ಒಂದು ಕೆಲಸ ಮಾಡು. ಶನಿವಾರ ನಾನು ಬಾಗಿಲಲ್ಲಿ ಕೂರ್ತೀನಿ. ಪುಸ್ತಕ ಕದ್ದು ದಾಟಿದ್ರೆ ಕೂಗಾಡೋ ಯಂತ್ರ ತಂದು ಇಟ್ಟಿದ್ದಾರಲ್ಲ, ಅದನ್ನ ಅವತ್ತೊಂದು ದಿನ ನಿಲ್ಲಿಸೋಕೆ ಹೇಳು."

ಹಾಳೆ ಎಲ್ಲ ವಿಭಾಗಗಳಿಗೂ ಹೋಯಿತು, ಬೋರ್ಡಿಗೂ ಬಿತ್ತು. ಹೊಸ ಪುಸ್ತಕಗಳ ಕಪಾಟಿನಲ್ಲಿ ಹನ್ನೊಂದನ್ನೂ ಸಾಲಾಗಿ ಇಟ್ಟಿದ್ದರು. ಯಾವಾಗಲೂ ಧೂಳು ತಿನ್ನುವ ಆ ಕಪಾಟಿನ ಮುಂದೆ ಅವತ್ತು ನೂಕುನುಗ್ಗಲು. ಮಧ್ಯಾಹ್ನದೊಳಗೆ ಗುಟ್ಟಿನ ಪುಟ ಯಾವುದೆಂದು ಕ್ಯಾಂಟೀನಿನವನಿಗೂ ಗೊತ್ತಾಯಿತು. ಶುಕ್ರವಾರ ಸಭೆ ಚೆನ್ನಾಗಿ ಆಯಿತು. ಮೇಷ್ಟ್ರ ಹೆಂಡತಿ ಹೊರಡುವ ಮುಂಚೆ ಸೀಲಕ್ಕನನ್ನು ಕರೆದು, "ಪುಸ್ತಕದಲ್ಲಿ ಗೀಚಬೇಡಿ ಅಂತ ನಾನು ಬೈತಾನೇ ಇದ್ದೆ ಅವರನ್ನ. ಗೀಚಿದ್ದೇ ಒಳ್ಳೇದಾಯ್ತು ನೋಡಮ್ಮ" ಎಂದರು. ಲೈಬ್ರೇರಿಯನ್ನರು ಗುಟ್ಟಿನ ಪುಟವನ್ನು ಅಂದೇ ಬದಲಾಯಿಸಿದರು. ಹೊಸದು ಯಾವುದೆಂದು ಸೀಲಕ್ಕನಿಗೆ ಹೇಳಲಿಲ್ಲ. ಹೇಳದೆ ಇದ್ದುದರಲ್ಲೇ ತಿಳಿಯಬೇಕಾದ್ದು ಅವಳಿಗೆ ತಿಳಿಯಿತು. ನೋಟೀಸಿನ ಲಕೋಟೆ ಶನಿವಾರ ಬೆಳಿಗ್ಗೆ ಮೇಜಿನ ಮೇಲಿತ್ತು. ಹದಿನೈದು ದಿನದೊಳಗೆ ಉತ್ತರ ಕೊಡಬೇಕು. ಅದನ್ನು ಮಡಚದೆ ಚೀಲದಲ್ಲಿಟ್ಟುಕೊಂಡಳು.

ಶನಿವಾರ ಇಡೀ ದಿನ ಹನ್ನೊಂದಣ್ಣ ಬಾಗಿಲಲ್ಲಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ನಾಲ್ಕು ಮಡಿಕೆಯ ಹಾಳೆ. ಚೀಲ ತೆರೆಸುವುದನ್ನು ಕಂಡು ಅಭ್ಯಾಸವಿಲ್ಲದ ವಿದ್ಯಾರ್ಥಿಗಳು ಮುಖ ಮುಖ ನೋಡಿಕೊಂಡರು. "ತೆಗಿಯಪ್ಪ, ತೆಗಿ. ಯಂತ್ರಕ್ಕೆ ರಜೆ ಇವತ್ತು" ಎನ್ನುತ್ತಿದ್ದ. ಕುಲಪತಿಗಳ ಗುಮಾಸ್ತನ ಬ್ಯಾಗನ್ನೂ ಬಿಡಲಿಲ್ಲ. ಮೊಮ್ಮಗಳು ಮೂರು ಸಲ ಹೋಗಿ ಬಂದಳು. ಮೂರು ಸಲವೂ ಅವಳ ಚೀಲ ನೋಡಿದ. ಬೀಳ್ಕೊಡುಗೆಗೆ ಹೋಗಿ ಎರಡನೇ ಸಾಲಿನಲ್ಲಿ ಕೂತ. ಭಾಷಣದಲ್ಲಿ 'ಪ್ರಾಮಾಣಿಕ' ಎಂಬ ಆ ಮಾತು ಬಂತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಯಾರೂ ನಗಲಿಲ್ಲ. ಮುಗಿದದ್ದೇ ತಡ ಬಂದು ಮತ್ತೆ ಬಾಗಿಲಲ್ಲಿ ಕೂತ. ಕಟ್ಟಡ ಮುಚ್ಚಲು ಇನ್ನೂ ಅರ್ಧ ಗಂಟೆಯಿತ್ತು.

ಸೀಲಕ್ಕ ಕೊನೆಗೆ ಹೊರಟವಳು. ಸಿಬ್ಬಂದಿಯ ಚೀಲ ನೋಡುವ ರೂಢಿ ಅಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ಅವಳು ಬಾಗಿಲು ದಾಟುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

"ಸೀಲಕ್ಕ, ಚೀಲ."

ಅವಳು ಮೇಜಿನ ಮೇಲಿಟ್ಟು ಜಿಪ್ಪು ಎಳೆದಳು. ಅವನು ಒಂದೊಂದಾಗಿ ಹೊರಗೆ ತೆಗೆದ. ಊಟದ ಡಬ್ಬಿ, ಕೊಡೆ, ಬೀಗದ ಕೈ, ಮಗಳ ಕೂದಲಿನ ಕ್ಲಿಪ್ಪು, ತಲೆನೋವಿನ ಮಾತ್ರೆ, ನೋಟೀಸಿನ ಲಕೋಟೆ. ಲಕೋಟೆಯನ್ನು ಎರಡೂ ಬದಿ ತಿರುಗಿಸಿ ನೋಡಿದ, ತೆರೆಯಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಒಳಗೂ ನೋಡಿದ. ಅವಸರವಿರಲಿಲ್ಲ. ಸೀಲಕ್ಕ ಕೈ ಕಟ್ಟಿಕೊಂಡು ನಿಂತೇ ಇದ್ದಳು. ಹಿಂದೆ ಲೈಬ್ರೇರಿಯನ್ನರು ಬಂದು ನಿಂತದ್ದು ಅವಳಿಗೆ ಗೊತ್ತಾಯಿತು, ತಿರುಗಲಿಲ್ಲ.

ಅವನು ಎಲ್ಲವನ್ನೂ ಇದ್ದ ಹಾಗೆಯೇ ಒಳಗಿಟ್ಟು ಜಿಪ್ಪು ಎಳೆದ.

"ಹ್ಞೂಂ, ಹೋಗು" ಅಂದ. ಆಮೇಲೆ ಲೈಬ್ರೇರಿಯನ್ನರ ಕಡೆ ತಿರುಗಿ ಕೈ ಚಾಚಿದ. "ಸರ್, ನಿಮ್ಮದು."